ಎರಡು ದಿನಕ್ಕೆ ತಂದ ಅಡಕತ್ತರಿ

ಗಂಡನ ಶಿವಗಣಾರಾಧನೆ ಮುಗಿದ ಮಾರನೆಯ ಬೆಳಿಗ್ಗೆ ಮೈಸೂರಿನ ಮೊದಲ ಬಸ್ಸು ಕೊನೆಯ ನೆಂಟರನ್ನೂ ಕರೆದುಕೊಂಡು ಹೋಯಿತು. ಗುರುಸಿದ್ದಮ್ಮ ಬಾಗಿಲು ಹಾಕಿ ಬಂದು ನಡುಮನೆಯಲ್ಲಿ ನಿಂತಳು. ಹನ್ನೊಂದು ದಿನ ಯಾರಾದರೊಬ್ಬರು ಹೇಳುತ್ತಲೇ ಇದ್ದರು: ಕೂತುಕೋ, ಏಳು, ಒಂದು ತುತ್ತು ತಿನ್ನು, ಅತ್ತುಬಿಡು. ಈಗ ಹೇಳುವವರಿಲ್ಲದೆ, ನಿಂತದ್ದನ್ನು ಹೇಗೆ ಮುಗಿಸಬೇಕೆಂದು ಅವಳಿಗೆ ತಿಳಿಯಲಿಲ್ಲ.

ಅಷ್ಟರಲ್ಲಿ ಯಾರೋ ಬಾಗಿಲು ತಟ್ಟಿದರು. ಎದುರುಮನೆಯ ಕೆಂಪನಂಜಪ್ಪ, ನಿವೃತ್ತ ರೆವಿನ್ಯೂ ಇನ್‌ಸ್ಪೆಕ್ಟರು. ಹನ್ನೊಂದು ದಿನ ತಡೆದುಕೊಂಡಿದ್ದ ಮಾತು ಅವರ ಮೀಸೆಯ ಕೆಳಗೆ ತುದಿಗಾಲಲ್ಲಿ ನಿಂತಿತ್ತು.

"ಏನೂ ತಪ್ಪು ತಿಳ್ಕೋಬೇಡ ಕಣವ್ವ. ಒಳ್ಳೆ ಮನುಷ್ಯ, ಹೋಗ್ಬಿಟ್ಟ. ನಮ್ಮ ಏಣಿ ನಿಮ್ಮ ಹಿತ್ಲಲ್ಲದೆ."

ಏಣಿ ಹೋಯಿತು. ಅದರ ಹಿಂದೆ ಯಾರದೋ ಸೈಕಲ್ ಪಂಪು, ಯಾರದೋ ಕೊಡೆ, ಒಂದು ಗರಗಸ, ಒಂದು ಹಾರ್ಮೋನಿಯಂ ಹೋದವು. ಎಂಟು ಗಂಟೆಯ ಹೊತ್ತಿಗೆ ಮನೆ, ತುಪ್ಪಟ ಕತ್ತರಿಸಿದ ಕುರಿಯ ಹಾಗೆ ಚಿಕ್ಕದಾಗಿ ಕಾಣತೊಡಗಿತು.

ತೀರಿಕೊಂಡ ಸದಾಶಿವಪ್ಪ ಕೊಳ್ಳೇಗಾಲದ ಹೈಸ್ಕೂಲಿನಲ್ಲಿ ಕೈಕಸುಬಿನ ಮೇಷ್ಟ್ರಾಗಿದ್ದ. ಯಾವ ವಸ್ತು ಕಂಡರೂ ಅದನ್ನು ಹೇಗೆ ಮಾಡಿದ್ದಾರೆಂದು ಬಿಚ್ಚಿ ನೋಡಬೇಕು. "ಎರಡು ದಿನಕ್ಕೆ ಕೊಡಿ" ಎಂದು ಕೇಳುತ್ತಿದ್ದ. ಆ ಎರಡು ದಿನಗಳಲ್ಲಿ ಕೆಲವು ಎರಡು ವರ್ಷ ಉದ್ದ ಇರುತ್ತಿದ್ದವು. ಬಿಚ್ಚಿದ್ದನ್ನು ಮೊದಲಿಗಿಂತ ಚೆನ್ನಾಗಿ ಜೋಡಿಸುತ್ತಿದ್ದ, ಹುಡುಗರ ಹಳೆಯ ಉತ್ತರಪತ್ರಿಕೆಯ ಹಿಂಬದಿಯಲ್ಲಿ ಯಾರದು, ಯಾವಾಗ ಕೊಡಬೇಕು ಎಂದು ಚೀಟಿ ಬರೆದು ದಾರದಲ್ಲಿ ಕಟ್ಟುತ್ತಿದ್ದ. ಎಲ್ಲ ಮಾಡುತ್ತಿದ್ದ, ವಾಪಸು ಕೊಡುವುದೊಂದನ್ನು ಬಿಟ್ಟು.

ಅದಾದ ಮೇಲೆ ಬಂದವನು ರಾಮಾಪುರದ ಬಸ್ಸಿನ ಕಂಡಕ್ಟರ್ ಜಡೇಸ್ವಾಮಿ. ಚೀಲ ಕಂಕುಳಲ್ಲಿ ಅವುಚಿಕೊಂಡು ಹೊಸ್ತಿಲಾಚೆಯೇ ನಿಂತ.

"ಅಮ್ಮಾವ್ರೆ, ರಾಮಾಪುರದ ಮಾದಣ್ಣ ಏಳ್ಕಳಿಸವ್ರೆ. ಅವರ ಅಡಕತ್ತರಿ ಮೇಷ್ಟ್ರತ್ರ ಅದಂತೆ. ಭಾನುವಾರ ಮಗಳ ವೀಳ್ಯಶಾಸ್ತ್ರ. ಇವತ್ತು ಗುರುವಾರ ಕೊಡ್ತೀನಿ ಅಂದಿದ್ರಂತೆ. ನಮ್ಮ ಬಸ್ಸು ಮೂರೂವರೆಗೆ ವಾಪಸ್ ಓಯ್ತದೆ."

"ಕಳಿಸ್ತೀನಿ" ಎಂದಳು ಗುರುಸಿದ್ದಮ್ಮ. ಆಮೇಲೆ ಏನನ್ನಿಸಿತೋ, "ನಾನೇ ತರ್ತೀನಿ" ಎಂದಳು.

ಅಡಕತ್ತರಿ ಅವಳಿಗೆ ಚೆನ್ನಾಗಿ ನೆನಪಿತ್ತು. ಗಿಳಿಯ ಆಕಾರದ ಹಳೆಯ ಉಕ್ಕಿನ ವಸ್ತು. ಮಾದಣ್ಣನ ಅಜ್ಜಿಯ ಕಾಲದ್ದು, ಕಾಗೆಯಷ್ಟು ಕಪ್ಪು. ತಿಂಗಳ ಕೆಳಗೆ ಸದಾಶಿವಪ್ಪ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ಅಡುಗೆಮನೆಯವರೆಗೂ ಬಂದಿದ್ದ.

"ಈ ಕರಿ ನೋಡು! ಬಳಿದ ಬಣ್ಣ ಅಲ್ಲ, ಉಕ್ಕಿನ ಮೈಯಿಂದಾನೇ ಬಂದಿರೋದು. ಉಗುರಲ್ಲಿ ಕೆರೆದ್ರೂ ಬರಲ್ಲ."

ಮೈಸೂರಿನಲ್ಲಿ ರಸಾಯನಶಾಸ್ತ್ರ ಓದಿ ಬಿ.ಎಸ್ಸಿ. ಮಾಡಿದ್ದ ಗುರುಸಿದ್ದಮ್ಮ ಸಾರಿಗೆ ಉಪ್ಪು ಹಾಕುತ್ತ, "ಅದು ಫೆರಸೋ ಫೆರಿಕ್ ಆಕ್ಸೈಡ್" ಎಂದಿದ್ದಳು.

"ಹೆಸರೇ ಇಷ್ಟುದ್ದ ಇದ್ರೆ, ಬಣ್ಣ ಬರೋಕೆ ಎಷ್ಟೊತ್ತು ಬೇಕು!" ಎಂದು ಅವನು ನಕ್ಕಿದ್ದ.

ಹಿತ್ತಲ ಕೊಠಡಿಯಲ್ಲಿ ಅವನ ಕೆಲಸದ ಮೇಜಿನ ಕೆಳಗೆ ಒಂದು ಮಡಕೆ. ಮಡಕೆ ತುಂಬ ಅರಳಿದ ಒಣ ಸುಣ್ಣ. ಸುಣ್ಣದೊಳಗೆ ಎಣ್ಣೆಬಟ್ಟೆಯ ಗಂಟು. ಗಂಟು ಬಿಚ್ಚಿದರೆ ಅಡಕತ್ತರಿ ಬೆಳ್ಳಗಿತ್ತು. ಕೊಕ್ಕಿನಿಂದ ಬಾಲದವರೆಗೆ ಒಂದು ಚುಕ್ಕೆ ಕಪ್ಪಿಲ್ಲ. ಬರುವಾಗ ಕಾಗೆಯಂತಿದ್ದ ಗಿಳಿ ಈಗ ಕೊಕ್ಕರೆಯಾಗಿತ್ತು. ಚೀಟಿ ಕಟ್ಟಿತ್ತು: "ಮಾದಣ್ಣ, ರಾಮಾಪುರ. ಗುರುವಾರ ವಾಪಸ್. ನೋಡಿದವರು ಹೊಸದು ಅನ್ನಬೇಕು."

ಗುರುಸಿದ್ದಮ್ಮನಿಗೆ ಎಲ್ಲ ಅರ್ಥವಾಯಿತು. ಕರಿಯ ಗುಟ್ಟು ಹುಡುಕಲು ಹೋಗಿ ಕರಿಯನ್ನೇ ಕಿತ್ತಿದ್ದಾನೆ. ಮತ್ತೆ ಹತ್ತಿಸಲು ಬಂದಿಲ್ಲ. ಹೆಂಡತಿ ಕಂಡರೆ ನಗುತ್ತಾಳೆಂದು ಸುಣ್ಣದಲ್ಲಿ ಹೂತಿಟ್ಟಿದ್ದಾನೆ. ಅಷ್ಟರಲ್ಲಿ ಜ್ವರ ಬಂದಿತು.

ಅವಳು ಅಡಕತ್ತರಿ ಹಿಡಿದುಕೊಂಡು ಸ್ವಲ್ಪ ಹೊತ್ತು ಕೂತಳು. ಅವನು ಜನ್ಮದಲ್ಲಿ ಒಂದು ವಸ್ತುವನ್ನೂ ಹೇಳಿದ ದಿನ ಕೊಟ್ಟವನಲ್ಲ. ಇದೊಂದನ್ನು ಹೇಳಿದ ದಿನ, ತಂದ ಹಾಗೇ, ಕರಿಯಾಗಿ ಕೊಡಬೇಕು. ಸತ್ತವನ ಬಗ್ಗೆ ರಾಮಾಪುರದವರು ಆಡುವ ಕೊನೆಯ ಮಾತು "ಹಾಳುಮಾಡಿ ಹೋದ" ಎಂದಾಗಬಾರದು. ಗಂಟೆ ಒಂಬತ್ತಾಗಿತ್ತು. ಮೂರೂವರೆಗೆ ಬಸ್ಸು.

ಅವಳು ಹಿತ್ತಲಿಗೆ ಬರುವುದಕ್ಕೂ ಕೆಂಪನಂಜಪ್ಪ ಮತ್ತೆ ಬರುವುದಕ್ಕೂ ಸರಿಯಾಯಿತು. ಈ ಸಲ ತಮ್ಮ ಮಣೆಗೆ ಬಂದಿದ್ದರು. ಗುರುಸಿದ್ದಮ್ಮ ಆ ಮಣೆಯ ಮೇಲೇ ಕೂತಿದ್ದಳು.

"ನೀ ಏಳೋವರ್ಗೂ ಕಾಯ್ತೀನಿ, ಅವಸರ ಏನಿಲ್ಲ" ಎಂದು ಅವರು ಕಲ್ಲುಕಟ್ಟೆಯ ಮೇಲೆ ಕೂತರು. ವಿಷಯ ತಿಳಿದ ಮೇಲೆ ಕಾಯುವ ಕೆಲಸ ಬಿಟ್ಟು ಹೇಳುವ ಕೆಲಸ ಹಿಡಿದರು. "ಇದೇನು ಮಹಾ! ದೀಪದ ಮಸಿ, ಹರಳೆಣ್ಣೆ. ಎರಡೂ ಕಲಸಿ ಹಚ್ಚು. ಸರ್ವೆ ಕಲ್ಲಿಗೆ ನಂಬರು ಬರೆಸಿದೋನು ನಾನು."

ಹಚ್ಚಿದಳು. ನಿಜವಾಗಿಯೂ ಕರ್ರಗಾಯಿತು. ಕೆಂಪನಂಜಪ್ಪ ಗೆಲುವಿನಿಂದ ಕಿಸೆಯ ಅಡಿಕೆ ತೆಗೆದು ಅದರಲ್ಲೇ ಕತ್ತರಿಸಿ ಬಾಯಿಗೆ ಹಾಕಿಕೊಂಡು ಮೀಸೆ ತಿರುವಿದರು. ಎದ್ದಾಗ ಅವರ ತುಟಿ, ಹಲ್ಲು, ಮೀಸೆ, ಎಡಗೆನ್ನೆ ಕರ್ರಗಿದ್ದವು. ಅಡಕತ್ತರಿ ಬೆಳ್ಳಗಿತ್ತು.

ಬೇಲಿಯಾಚೆಯಿಂದ ಅದನ್ನು ನೋಡಿದ ಪಕ್ಕದ ಮನೆಯ ರಂಗಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡೇ ಒಳಗೆ ಬಂದಳು. "ಇನ್‌ಸ್ಪೆಟ್ರೆ, ಮಕಕ್ಕೆ ದೃಷ್ಟಿಬೊಟ್ಟು ಇಷ್ಟು ದೊಡ್ಡದಾ?" ಎಂದು ಕೇಳಿ, ಗುರುಸಿದ್ದಮ್ಮನ ಕಡೆ ತಿರುಗಿದಳು. "ಏನಿಲ್ಲ ಕಣವ್ವ, ನಮ್ಮ ಸೀಮೆಎಣ್ಣೆ ಸ್ಟವ್ ನಿಮ್ಮ ಯಜಮಾನ್ರು ಬತ್ತಿ ಸರಿ ಮಾಡ್ತೀನಿ ಅಂತ ತಂದಿದ್ರು. ಉಗಾದಿಗೆ ಮುಂಚೆ. ಮೊದ್ಲು ಆ ಮಸಿ ತೊಳಿ. ಹುಣಸೆಹಣ್ಣು ತಂದ್ಕೊಡ್ಲಾ?"

ಹುಣಸೆಹಣ್ಣು ಎಂದೊಡನೆ ಗುರುಸಿದ್ದಮ್ಮನಿಗೆ ಕಾಲೇಜಿನ ಪ್ರಯೋಗಶಾಲೆ ನೆನಪಾಯಿತು. ಲೋಹದ ಮೈ ಮೊದಲು ಚೊಕ್ಕಟವಾಗಬೇಕು, ಅದಕ್ಕೆ ಆಮ್ಲ ಬೇಕು. ಪುಸ್ತಕದ ಎಷ್ಟನೆಯ ಪುಟ ಎನ್ನುವುದೂ ನೆನಪಿತ್ತು. ಹುಣಸೆ ರಸದಲ್ಲಿ ಉಜ್ಜಿದಳು. ಮಸಿ ಹೋಯಿತು, ಜಿಡ್ಡು ಹೋಯಿತು. ಉಕ್ಕು ಈಗಷ್ಟೇ ಹುಟ್ಟಿದ ಹಾಗೆ ಮಿರಿಮಿರಿ ಮಿನುಗಿತು. ಕೊಡದ ತಣ್ಣೀರಿನಲ್ಲಿ ಜಾಲಾಡಿ, ಒರೆಸಲು ಬಟ್ಟೆ ತೆಗೆದುಕೊಳ್ಳಲು ತಿರುಗಿದಳು.

ಮತ್ತೆ ಇತ್ತ ತಿರುಗುವಷ್ಟರಲ್ಲಿ ತುಕ್ಕು ಬಂದಿತ್ತು. ತೆಳ್ಳಗೆ, ಕಿತ್ತಳೆ ಬಣ್ಣ, ಮೈತುಂಬ. ಬಾಗಿಲ ಹಿಂದೆ ಅವಿತಿದ್ದು ಹಾರಿಬಂದ ಹಾಗೆ. ಕೊಕ್ಕರೆ ಕೆಂಬೂತವಾಯಿತು.

"ಅಯ್ಯಯ್ಯೋ, ಕಣ್ಣಮುಂದೇನೆ!" ಎಂದಳು ರಂಗಮ್ಮ.

ಮತ್ತೆ ಹುಣಸೆ, ಮತ್ತೆ ನೀರು. ಈ ಸಲ ಬಟ್ಟೆ ಹೆಗಲ ಮೇಲೇ ಇತ್ತು. ಆದರೂ ಬಂತು. ಮೂರನೆಯ ಸಲ ರಂಗಮ್ಮ ಸೆರಗು ಬೀಸಿದಳು, ಕೆಂಪನಂಜಪ್ಪ ಬಾಯಲ್ಲಿ ಊದಿದರು. ತುಕ್ಕು ಇನ್ನೂ ಬೇಗ ಬಂತು.

"ಕೊಳ್ಳೇಗಾಲದ ನೀರೇ ಹಿಂಗೆ" ಎಂದು ಕೆಂಪನಂಜಪ್ಪ ತೀರ್ಪು ಕೊಟ್ಟರು. "ಮದ್ರಾಸ್ ಸರ್ಕಾರ ಇದ್ದಾಗ ಹಿಂಗಿರ್ಲಿಲ್ಲ. ಮೈಸೂರಿಗೆ ಸೇರಿದ್ಮೇಲೆ ಹಿಂಗಾಯ್ತು."

ಹನ್ನೊಂದೂವರೆಗೆ ಚಿಕ್ಕಸಿದ್ದಯ್ಯ ಬಂದ. ಬೀದಿಯ ಕೊನೆಯಲ್ಲಿ ರೇಷ್ಮೆಗೆ ಬಣ್ಣ ಕಟ್ಟುವವನು. ಅವನ ಕೈಗಳು ಮೊಣಕೈವರೆಗೆ ಯಾವ ಬಣ್ಣ ಎಂದು ಅವನ ಹೆಂಡತಿಯೂ ಹೇಳಲಾರಳು. ತನ್ನ ತಾಮ್ರದ ಬೋಗುಣಿಗೆ ಬಂದಿದ್ದ. ಗುರುಸಿದ್ದಮ್ಮನ ಮುಂದೆ ಹುಣಸೆನೀರು ತುಂಬಿ ಇದ್ದದ್ದು ಅದೇ ಬೋಗುಣಿ.

ಎಲ್ಲ ಕೇಳಿ ಅವನು ತಲೆ ಕೆರೆದುಕೊಂಡ. "ಅವ್ವ, ರೇಷ್ಮೆಗೆ ಕರಿ ಹತ್ಬೇಕು ಅಂದ್ರೆ ನಾವು ಅಳಲೆಕಾಯಿ ಕಷಾಯಕ್ಕೆ ಕಬ್ಬಿಣ ಹಾಕಿ ಕುದಿಸ್ತೀವಿ. ಕಬ್ಬಿಣಕ್ಕೇ ಕರಿ ಬೇಕು ಅಂದ್ರೆ ರೇಷ್ಮೆ ಬುಟ್ಟು ಮಿಕ್ಕಿದ್ದೆಲ್ಲ ಅದೇ ಅಲ್ವ? ತುಕ್ಕಿಗೆ ಯಾಕೆ ಎದರ್ತೀರಿ? ತುಕ್ಕಿದ್ರೇನೇ ಅಳಲೆ ಹಿಡ್ಕಳದು."

ಗುರುಸಿದ್ದಮ್ಮ ಅವನನ್ನೇ ನೋಡಿದಳು. ಟ್ಯಾನಿಕ್ ಆಮ್ಲ. ಶಾಯಿ ಮಾಡುವ ಪಾಠ. ಪುಟ ಮಾತ್ರ ನೆನಪಿರಲಿಲ್ಲ.

ಚಿಕ್ಕಸಿದ್ದಯ್ಯ ಓಡಿಹೋಗಿ ಒಂದು ಬೊಗಸೆ ಅಳಲೆಕಾಯಿ ತಂದುಕೊಟ್ಟ. ರಂಗಮ್ಮನ ಸ್ಟವ್ ಮೇಲೆ ಚಿಕ್ಕಸಿದ್ದಯ್ಯನ ಬೋಗುಣಿ ಏರಿತು, ಕೆಂಪನಂಜಪ್ಪನವರ ಮಣೆಯ ಮೇಲೆ ಗುರುಸಿದ್ದಮ್ಮ ಕೂತಳು. ಮೂವರೂ ತಂತಮ್ಮ ವಸ್ತುವಿನ ಮೇಲೆ ಒಂದು ಕಣ್ಣಿಟ್ಟು ಕಲ್ಲುಕಟ್ಟೆಯ ಮೇಲೆ ಸಾಲಾಗಿ ಕೂತರು. ಆ ಮನೆಯಲ್ಲಿ ತನ್ನದೆಂದು ಉಳಿದಿರುವುದು ಗೋಡೆಗಳು ಮಾತ್ರ, ಅವೂ ಬಾಡಿಗೆಯವು ಎಂದು ಗುರುಸಿದ್ದಮ್ಮನಿಗೆ ಆಗ ಹೊಳೆಯಿತು.

ಕಷಾಯ ಕುದಿಯಿತು. ಕೆಂಬೂತವನ್ನು ಅದರಲ್ಲಿ ಬಿಟ್ಟಳು. ಕಿತ್ತಳೆ ಕಂದಾಯಿತು, ಕಂದು ನೀಲಿಯಾಯಿತು, ನೀಲಿ ಕರಿಯಾಯಿತು. ತೆಗೆದು ತೆಂಗಿನ ನಾರಿನಲ್ಲಿ ಉಜ್ಜಿ ಮತ್ತೆ ಬಿಟ್ಟಳು. ಮೂರು ಸಲ. ಮೂರನೆಯ ಸಲಕ್ಕೆ ಕಾಗೆಯೇ ಬಂತು. ಕಲ್ಲುಕಟ್ಟೆಯ ಮೇಲಿನವರು "ಆಹಾ" ಎಂದರು. ಗುರುಸಿದ್ದಮ್ಮ ಖುಷಿಯಲ್ಲಿ ಅದನ್ನು ಕೊಡದ ತಣ್ಣೀರಿನಲ್ಲಿ ಅದ್ದಿದಳು.

ಸ್ವಲ್ಪ ಹೊತ್ತಿಗೆ ಗಿಳಿಯ ಕತ್ತಿನ ಕೀಲಿನಿಂದ ಕಿತ್ತಳೆ ಬಣ್ಣದ ಒಂದು ಹನಿ ನಿಧಾನವಾಗಿ ಇಳಿಯಿತು. ಅದು ಇಳಿದ ದಾರಿಯುದ್ದಕ್ಕೂ ತುಕ್ಕು.

"ಗಿಳಿ ಅಳ್ತಾದೆ" ಎಂದಳು ರಂಗಮ್ಮ. ಹೇಳಿದ ಮೇಲೆ ನಾಲಗೆ ಕಚ್ಚಿಕೊಂಡಳು.

ಗುರುಸಿದ್ದಮ್ಮ ಎದ್ದು ಕೊಠಡಿಗೆ ಹೋದಳು. ಒಬ್ಬಳೇ ಇರಬೇಕೆನಿಸಿತ್ತು, ಅಷ್ಟೆ. ಮೇಜಿನ ಮೇಲಿನ ಗೋಡೆಯಲ್ಲಿ, ಮೊಳೆಗೆ ಚುಚ್ಚಿದ ಒಂದು ಉತ್ತರಪತ್ರಿಕೆ. ನಾಲ್ಕು ವರ್ಷದಿಂದ ಅದು ಅಲ್ಲೇ ಇತ್ತು. ನಾಲ್ಕು ವರ್ಷ ಅವಳು ಅದರ ಧೂಳು ಹೊಡೆದಿದ್ದಳು, ಓದಿರಲಿಲ್ಲ. ಹೈಸ್ಕೂಲು ದಾಟದ ಗಂಡನ ಕಬ್ಬಿಣದ ಪಾಠವನ್ನು ಬಿ.ಎಸ್ಸಿ. ಏಕೆ ಓದಬೇಕು?

"ಕಬ್ಬಿಣದ ಕೆಲಸ. ಚೊಕ್ಕಟ ಮಾಡಿದ ಮೇಲೆ ಬರಿಗೈ ಮುಟ್ಟಿಸಬಾರದು. ತಣ್ಣೀರು ತೋರಿಸಲೇಬಾರದು. ಕುದಿಯುವ ನೀರಿಗೆ ಚಿಟಿಕೆ ಒಗೆಯುವ ಸೋಡಾ ಹಾಕಿ ಅದರಲ್ಲೇ ಜಾಲಾಡು. ವಸ್ತುವೂ ಕುದಿಯುವಷ್ಟು ಬಿಸಿಯಾಗಲಿ, ಎತ್ತಿದರೆ ತಾನೇ ಒಣಗುತ್ತದೆ. ಒರೆಸುವ ಅವಸರ ಬೇಡ. ಕೀಲಿನ ಸಂದಿಯಲ್ಲಿ ನೀರು ಅಡಗಿರುತ್ತದೆ, ನಂಬಬೇಡ. ಕೆಂಡದ ಮೇಲೆ ತಲೆಕೆಳಗು ಹಿಡಿ. ಬಿಸಿ ಇರುವಾಗಲೇ ಜೇನುಮೇಣ."

ಕೆಳಗೆ ಸಣ್ಣ ಅಕ್ಷರದಲ್ಲಿ: "ಗುರುವನ್ನು ಕೇಳಿದರೆ ಕಾರಣ ಹೇಳುತ್ತಾಳೆ. ಕೇಳಬೇಕು."

ಅವನು ಕೇಳಿರಲಿಲ್ಲ. ಕಾರಣ ಅವಳಿಗೆ ಗೊತ್ತಿತ್ತು: ಕ್ಷಾರದ ಬಿಸಿನೀರು ಆಮ್ಲವನ್ನು ಕೊಲ್ಲುತ್ತದೆ, ಬಿಸಿ ಉಕ್ಕಿನ ಮೇಲೆ ತೇವ ನಿಲ್ಲುವುದಿಲ್ಲ. ಒಂದೇ ಒಂದು ಸಲ ಕೇಳಿದ್ದರೆ ಹೇಳುತ್ತಿದ್ದಳು. ಸ್ವಲ್ಪ ಜಂಬದಿಂದ ಹೇಳುತ್ತಿದ್ದಳು, ಆದರೂ ಹೇಳುತ್ತಿದ್ದಳು.

ಹಿತ್ತಲಿಗೆ ಬಂದು ಮೊದಲಿನಿಂದ ಶುರು ಮಾಡಿದಳು: ಹುಣಸೆ, ತುಕ್ಕು, ಅಳಲೆ, ಮತ್ತೆ ಕರಿ. ಈ ಸಲ ಇಕ್ಕಳದಲ್ಲಿ ಹಿಡಿದು, ಸೋಡಾ ಹಾಕಿದ ಕುದಿನೀರಿನಲ್ಲಿ ಜಾಲಾಡಿ ಎತ್ತಿದಳು. ಗಿಳಿಯ ಮೈಯಿಂದ ಹಬೆ ಎದ್ದಿತು. ನೀರು ಒಂದು ಸಲ ಚುಕ್ಕೆಚುಕ್ಕೆಯಾಗಿ ಕುಣಿದು ಇಲ್ಲವಾಯಿತು. ಒಲೆಯಿಂದ ತಂದ ಕೆಂಡದ ಮೇಲೆ ತಲೆಕೆಳಗು ಹಿಡಿದಾಗ ಕೀಲಿನೊಳಗಿಂದ ಸುಂಯ್ ಎಂದು ಅಡಗಿದ್ದದ್ದು ಹೊರಬಂತು. ಅವನ ಡಬ್ಬಿಯಲ್ಲಿ ಮಲೆಯ ಜೇನುಮೇಣದ ಉಂಡೆ ಇತ್ತು. ಅದರ ಮೇಲೆ ಅವನ ಹೆಬ್ಬೆರಳಿನ ಗುಳಿ ಹಾಗೇ ಇತ್ತು. ಅವಳು ಉಂಡೆಯ ಇನ್ನೊಂದು ಬದಿಯಿಂದ ಉಜ್ಜಿದಳು.

ತುಕ್ಕು ಬರಲಿಲ್ಲ. ನಾಲ್ವರೂ ಉಸಿರು ಬಿಗಿಹಿಡಿದು ಕಾದರು. ಆಗಲೂ ಬರಲಿಲ್ಲ.

"ಮೇಷ್ಟ್ರು ಎದ್ದು ಬಂದು ಮಾಡಿದಂಗದೆ" ಎಂದ ಚಿಕ್ಕಸಿದ್ದಯ್ಯ. ಹಾಗೆ ಹೇಳಿದವನೇ ಇನ್ನೂ ಬಿಸಿಯಿದ್ದ ಬೋಗುಣಿಯನ್ನು ಟವೆಲಿನಲ್ಲಿ ಹಿಡಿದುಕೊಂಡು ಹೋದ. ಸ್ಟವ್ ಹೋಯಿತು. ಕೆಂಪನಂಜಪ್ಪ ಇನ್ನೂ ಕಪ್ಪಾಗಿದ್ದ ಮೀಸೆಯ ಕೆಳಗೆ ನಯವಾಗಿ ಕೆಮ್ಮಿ, "ಏಳ್ತೀಯೇನವ್ವ" ಎಂದರು. ಮಣೆಯೂ ಹೋಯಿತು.

ರಂಗಮ್ಮ ಮಾತ್ರ ಸ್ಟವ್ ಇಟ್ಟು ವಾಪಸು ಬಂದಳು. "ಶುಭಕಾರ್ಯದ ವಸ್ತು. ನೀನೇ ತಕಂಡೋಗ್ತೀಯಾ? ಹನ್ನೆರಡು ದಿನ ಆಗದೆ ಅಷ್ಟೆ. ಕಂಡಕ್ಟ್ರ ಕೈಲಿ ಕೊಟ್ಬುಡು."

"ತಂದೋರು ನಮ್ಮನೆಯೋರು. ಕೊಡೋದೂ ನಮ್ಮನೆಯೋರೇ."

ರಂಗಮ್ಮ ತನ್ನ ಮನೆಗೆ ಹೋಗಿ ಎರಡು ರಾಗಿರೊಟ್ಟಿ ಎಲೆಯಲ್ಲಿ ಸುತ್ತಿ ದಾರ ಕಟ್ಟಿ ತಂದು ಚೀಲದೊಳಗೆ ತುರುಕಿದಳು.

ಬಸ್ಸು ಮೂರೂವರೆಗೆ ಹೊರಟು ಮಧುವನಹಳ್ಳಿ ದಾಟಿತು. ಹನೂರಿನಲ್ಲಿ ನಿಂತಾಗ ಗುರುಸಿದ್ದಮ್ಮ ಕಿಟಕಿಯಿಂದ ಕುಲುಮೆಯ ಕಡೆ ನೋಡಿದಳು. ಮದುವೆಯಾದ ಹೊಸತರಲ್ಲಿ ಇದೇ ಬಸ್ಸಿನಲ್ಲಿ ಅವನ ಸೋದರಮಾವನ ಮನೆಗೆ ಹೊರಟಿದ್ದರು. "ಒಂದು ನಿಮಿಷ, ಆ ತಿದಿ ನೋಡ್ಕೊಂಡು ಬಂದೆ" ಎಂದು ಇಳಿದವನು ಬಸ್ಸು ಹೊರಟರೂ ಬರಲಿಲ್ಲ. ರೇಷ್ಮೆ ಸೀರೆ ಉಟ್ಟ ಮದುವಣಗಿತ್ತಿ ಒಬ್ಬಳೇ ರಾಮಾಪುರದಲ್ಲಿ ಇಳಿದಳು. ಗಂಡ ಸಂಜೆ ಎತ್ತಿನಗಾಡಿಯಲ್ಲಿ ಬಂದ, ತೊಡೆಯ ಮೇಲೆ ಕುಲುಮೆಗೆ ಗಾಳಿ ಊದುವ ತಿದಿ. ಎರಡು ದಿನಕ್ಕೆ ಕೊಟ್ಟಿದ್ದರಂತೆ. ಆವತ್ತು ಅವಳು ರಾತ್ರಿಯವರೆಗೂ ಮಾತು ಬಿಟ್ಟಿದ್ದಳು. ಎಷ್ಟೊಂದು ಮಾತು ವ್ಯರ್ಥವಾಯಿತು ಎಂದು ಈಗ ಅನ್ನಿಸಿತು.

ಮಾದಣ್ಣನ ಮನೆ ರಾಮಾಪುರದ ಬಸ್ಸು ನಿಲ್ಲುವ ಜಾಗಕ್ಕೆ ಹತ್ತಿರವೇ. ಗೋಡೆಗೆ ಹೊಸ ಸುಣ್ಣ, ಜಗಲಿಗೆ ಹೊಸ ಕೆಮ್ಮಣ್ಣು. ಮಾದಣ್ಣ ಎದ್ದು ನಿಂತು ತಲೆಯ ವಸ್ತ್ರ ಬಿಚ್ಚಿ ಹೆಗಲಿಗೆ ಹಾಕಿಕೊಂಡ. ಅವನ ಹೆಂಡತಿ ದೊಡ್ಡಮಾದಮ್ಮ ಚಾಪೆ ಹಾಸಿದಳು.

"ನೀವ್ಯಾಕವ್ವ ಬರಾಕೋದ್ರಿ, ಇಂತಾ ಒತ್ನಲ್ಲಿ" ಎಂದ ಮಾದಣ್ಣ.

"ಗುರುವಾರ ಕೊಡ್ತೀನಿ ಅಂತ ಅವರು ಬರೆದಿಟ್ಟಿದ್ರು" ಎಂದು ಗುರುಸಿದ್ದಮ್ಮ ಗಂಟು ಬಿಚ್ಚಿ ಅಡಕತ್ತರಿಯನ್ನು ಎರಡೂ ಕೈಯಲ್ಲಿ ಕೊಟ್ಟಳು.

ಮಾದಣ್ಣ ಈಚೆ ತಿರುಗಿಸಿದ, ಆಚೆ ತಿರುಗಿಸಿದ. ಬೆಳಕಿಗೆ ಹಿಡಿದ. ಉಗುರಲ್ಲಿ ಕೆರೆದ. ಕರಿ ಬರಲಿಲ್ಲ. ಅವನ ಮುಖ ಇಳಿಯಿತು.

"ಕಾಗೆ ಕೊಟ್ಟಿದ್ದೆ, ಕಾಗೇನೇ ಬಂತಲ್ಲವ್ವ."

"ಅಂದ್ರೆ?"

"ಮೇಷ್ಟ್ರು ಈ ಕರಿ ನೋಡ್ಬೇಕು, ಎರಡು ದಿನಕ್ಕೆ ಕೊಡಿ ಅಂದ್ರು. ನಾ ಅಂದೆ, ಕರಿ ನೀವೇ ಮಡೀಕಳಿ ಸಾ, ನಂಗೆ ಬೆಳ್ಳಗೆ ಮಾಡ್ಕೊಡಿ ಅಂತ. ಗಂಡಿನೋರು ಎಳಂದೂರಿನೋರು. ಅವ್ರ ಮನೇಲಿ ನೀರ್ ಕುಡಿಯೋ ಲೋಟ್ದಿಂದ ಎಲ್ಲಾ ಪಳಪಳ ಅನ್ನೋ ಎವರ್‌ಸಿಲ್ವರು. ವೀಳ್ಯದ ತಟ್ಟೇಲಿ ಈ ಕರೀದು ಮಡಗಿದ್ರೆ ನಮ್ಮ ಮಗಳು ಜೀವ್ಮಾನವೆಲ್ಲ ಮಾತು ಕೇಳ್ಬೇಕಾಯ್ತದೆ."

ದೊಡ್ಡಮಾದಮ್ಮ ಮಧ್ಯೆ ಬಾಯಿ ಹಾಕಿದಳು. "ಆಗೋಯ್ತು ಅಂತ ಅವ್ರೇ ಅಂದಿದ್ರಲ್ಲ. ಜ್ವರ ಬರೋಕೆ ಎರಡು ದಿನ ಮುಂಚೆ ಹನೂರಲ್ಲಿ ಸಿಕ್ಕಿದ್ರು. ಮಾದಮ್ಮ, ನಿಮ್ಮ ಗಿಳಿ ಮಲ್ಲಿಗೆ ಮೊಗ್ಗಿನಂಗಾಗದೆ, ಸುಣ್ಣದಲ್ಲಿ ಮಲಗಿಸಿವ್ನಿ, ಒಂದು ಚುಕ್ಕೆ ತುಕ್ಕು ಬಂದ್ರೆ ಕೇಳಿ ಅಂದ್ರು. ಏನು ಸಂತೋಸ ಅವರ ಮಕದಲ್ಲಿ!"

ಗುರುಸಿದ್ದಮ್ಮ ಚಾಪೆಯ ಮೇಲೆ ಕೂತೇ ಇದ್ದಳು. ನೋಡಿದವರು ಹೊಸದು ಅನ್ನಬೇಕು. ಅವನು ಜನ್ಮದಲ್ಲಿ ಒಂದೇ ಒಂದು ಕೆಲಸವನ್ನು ದಿನಕ್ಕೆ ಮೊದಲೇ ಮುಗಿಸಿಟ್ಟು ಹೋಗಿದ್ದ. ಅದನ್ನು ಅವಳು ಬೆಳಗಿನಿಂದ ಕೂತು, ಮೂರು ಮನೆಯವರ ಸಹಾಯದಿಂದ, ಅವನದೇ ಪಾಠ ಓದಿ, ಅಚ್ಚುಕಟ್ಟಾಗಿ ಅಳಿಸಿದ್ದಳು.

ಗಂಟಲಿನಿಂದ ಒಂದು ಸದ್ದು ಬಂತು. ದೊಡ್ಡಮಾದಮ್ಮ ಅಳು ಎಂದುಕೊಂಡು ನೀರು ತರಲು ಎದ್ದವಳು, ಬಾಗಿಲಲ್ಲಿ ನಿಂತು ತಿರುಗಿ ನೋಡಿ, ಅದು ನಗು ಎಂದು ಕಂಡು ವಾಪಸು ಬಂದು ಕೂತಳು.

"ಓಗ್ಲಿ ಬುಡಿ ಅವ್ವ" ಎಂದ ಮಾದಣ್ಣ, ಅಡಕತ್ತರಿಯನ್ನು ಮಡಿಲಲ್ಲಿ ಇಟ್ಟುಕೊಂಡು. "ಅಜ್ಜಿದು ಅಂತ ಮಡೀಕತೀವಿ. ತಟ್ಟೇಗೆ ಬೇರೆಯೋರ ಮನೇದು ಕೇಳ್ತೀವಿ."

ಹೊರಗೆ ಕೊಳ್ಳೇಗಾಲಕ್ಕೆ ಹೋಗುವ ಬಸ್ಸು ಹಾರನ್ ಹೊಡೆಯಿತು. ಗುರುಸಿದ್ದಮ್ಮ ಎದ್ದು ಸೆರಗು ಸರಿಮಾಡಿಕೊಂಡಳು. ಹುಣಸೆ ಹಚ್ಚಿದರೆ ಕರಿ ಹೋಗುತ್ತದೆ, ಅದು ಗೊತ್ತು. ಸೋಡಾ, ಕುದಿನೀರು, ಕೆಂಡ ಗೊತ್ತು. ಎಣ್ಣೆಬಟ್ಟೆ, ಸುಣ್ಣದ ಮಡಕೆ ಇದ್ದಲ್ಲೇ ಇವೆ. ಕೈ ಚಾಚಿದಳು.

"ಎರಡು ದಿನಕ್ಕೆ ಕೊಡಿ" ಎಂದಳು.

ಮಾದಣ್ಣ ಮಡಿಲಿನಿಂದ ಎತ್ತಿ ಕೊಟ್ಟ.

ಬಸ್ಸಿನಲ್ಲಿ ಜಡೇಸ್ವಾಮಿ ಟಿಕೆಟ್ ಹರಿಯುತ್ತ ಬಂದ. "ಕೊಟ್ರಾ ಅಮ್ಮಾವ್ರೆ, ಅಡಕತ್ತರಿ?"

"ಕೊಟ್ಟೆ."

ಅವನು ಅವಳ ಮಡಿಲನ್ನು ನೋಡಿದ. ಅಲ್ಲಿ ಗಿಳಿ ಇತ್ತು. ಅವಳು ರೊಟ್ಟಿ ಸುತ್ತಿದ್ದ ಎಲೆಯ ದಾರ ಬಿಚ್ಚಿ, ಅದಕ್ಕೆ ಕಟ್ಟಲು ಒಂದು ಚೀಟಿ ಹುಡುಕುತ್ತಿದ್ದಳು.

"ಮತ್ತೆ ಇದು?"

"ಅವರು ತಂದಿದ್ದನ್ನ ಕೊಟ್ಟೆ" ಎಂದಳು ಗುರುಸಿದ್ದಮ್ಮ. "ಇದು ನಾನು ತಂದಿದ್ದು."